ಕೊನೆಯ ವರ್ಷದವನು, ಮೊದಲ ವರ್ಷದವನು

ಅಮೆರಿಕದಲ್ಲಿ ಫುಟ್‌ಬಾಲ್ ಎಂದರೆ ನಾವು ಕಾಲಿನಿಂದ ಒದ್ದು ಆಡುವ ಆಟವಲ್ಲ. ಅದನ್ನು ಅಲ್ಲಿನವರು ಸಾಕರ್ ಎನ್ನುತ್ತಾರೆ. ಅವರ ಫುಟ್‌ಬಾಲಿನ ಚೆಂಡು ಎರಡೂ ತುದಿಗಳಲ್ಲಿ ಚೂಪಾಗಿರುತ್ತದೆ, ಹೆಚ್ಚು ಹೊತ್ತು ಕೈಯಲ್ಲೇ ಇರುತ್ತದೆ. ಹೆಲ್ಮೆಟ್ಟು ಹಾಕಿ, ಭುಜಕ್ಕೆ ದಪ್ಪ ಕವಚ ಕಟ್ಟಿಕೊಂಡ ಆಟಗಾರರು ಒಬ್ಬರ ಮೇಲೊಬ್ಬರು ಬೀಳುವುದನ್ನು ನೀವು ಟಿ.ವಿ.ಯಲ್ಲಿ ನೋಡಿರಬಹುದು. ಆ ಆಟದಲ್ಲಿ ತರಬೇತುದಾರ ತೆಗೆದುಕೊಳ್ಳಬೇಕಾಗುವ ಒಂದು ಕಷ್ಟದ ನಿರ್ಧಾರದ ಬಗ್ಗೆ ಇಂದು ಮಾತನಾಡಬೇಕೆಂದಿದ್ದೇನೆ. ಮೂರು ವರ್ಷ ತಂಡಕ್ಕಾಗಿ ದುಡಿದು ಕೊನೆಯ ವರ್ಷಕ್ಕೆ ಬಂದಿರುವ ಆಟಗಾರನನ್ನು ಬೆಂಚಿನ ಮೇಲೆ ಕೂರಿಸಿ, ಮೊನ್ನೆ ಮೊನ್ನೆ ಕಾಲೇಜು ಸೇರಿದ ಹುಡುಗನನ್ನು ಆ ಜಾಗಕ್ಕೆ ಇಳಿಸಬಹುದೇ? ಇಳಿಸುವುದಾದರೆ ಹೇಗೆ?

ಆಟದ ಪರಿಚಯ ಸ್ವಲ್ಪ ಬೇಕು. ಎರಡು ಗೆರೆಗಳ ನಡುವೆ 100 ಗಜ ಉದ್ದದ ಮೈದಾನ. ಒಂದೊಂದು ಕಡೆ ಹನ್ನೊಂದು ಮಂದಿ. ಚೆಂಡು ಯಾರ ಬಳಿ ಇದೆಯೋ ಆ ತಂಡಕ್ಕೆ ನಾಲ್ಕು ಅವಕಾಶ. ನಾಲ್ಕರೊಳಗೆ ಹತ್ತು ಗಜ ಮುಂದೆ ಹೋದರೆ ಮತ್ತೆ ನಾಲ್ಕು ಸಿಗುತ್ತದೆ, ಹೋಗದಿದ್ದರೆ ಚೆಂಡು ಎದುರಾಳಿಯ ಪಾಲು. ಬಹುಮಟ್ಟಿಗೆ ಪ್ರತಿ ಅವಕಾಶದಲ್ಲೂ ಚೆಂಡು ಮೊದಲು ಬರುವುದು ಒಬ್ಬನ ಕೈಗೆ. ಅವನೇ ಕ್ವಾರ್ಟರ್‌ಬ್ಯಾಕ್. ಚೆಂಡನ್ನು ದೂರಕ್ಕೆ ಎಸೆಯಬೇಕೇ, ಪಕ್ಕದವನಿಗೆ ಕೊಡಬೇಕೇ, ತಾನೇ ಹಿಡಿದು ಓಡಬೇಕೇ ಎಂಬುದನ್ನು ಎರಡು ಮೂರು ಸೆಕೆಂಡಿನೊಳಗೆ ಅವನು ತೀರ್ಮಾನಿಸಬೇಕು. ಅಷ್ಟರಲ್ಲಿ ನೂರಿಪ್ಪತ್ತು ಕಿಲೋ ತೂಕದ ಇಬ್ಬರು ಮೂವರು ಅವನನ್ನು ನೆಲಕ್ಕೆ ಕೆಡವಲು ನುಗ್ಗುತ್ತಿರುತ್ತಾರೆ.

ಈ ಆಟದಲ್ಲಿ ಆಟಗಾರರನ್ನು ಎಷ್ಟು ಸಲ ಬೇಕಾದರೂ ಬದಲಾಯಿಸಬಹುದು. ಓಡುವವರು, ಹಿಡಿಯುವವರು, ತಡೆಯುವವರು ಸರದಿಯ ಮೇಲೆ ಬಂದು ಹೋಗುತ್ತಾರೆ. ಕ್ವಾರ್ಟರ್‌ಬ್ಯಾಕ್ ಮಾತ್ರ ಸಾಮಾನ್ಯವಾಗಿ ಒಬ್ಬನೇ. ಒಬ್ಬ ಆಡಿದರೆ ಇನ್ನೊಬ್ಬ ನೋಡುತ್ತಾ ನಿಲ್ಲಬೇಕು. ಇಷ್ಟು ನೆನಪಿಟ್ಟುಕೊಂಡರೆ ಮುಂದಿನದೆಲ್ಲ ತಿಳಿಯುತ್ತದೆ.

ಅಲ್ಲಿನ ಪದವಿ ನಾಲ್ಕು ವರ್ಷದ್ದು. ಮೊದಲ ವರ್ಷದವನು ಫ್ರೆಶ್‌ಮನ್, ಕೊನೆಯ ವರ್ಷದವನು ಸೀನಿಯರ್. ಹಿಂದೆ ಈ ಪ್ರಶ್ನೆಯೇ ಏಳುತ್ತಿರಲಿಲ್ಲ. ಫ್ರೆಶ್‌ಮನ್‌ಗಳು ಕಾಲೇಜಿನ ಮುಖ್ಯ ತಂಡದಲ್ಲಿ ಫುಟ್‌ಬಾಲ್ ಆಡಬಹುದೆಂದು ರಾಷ್ಟ್ರೀಯ ಕ್ರೀಡಾ ಸಂಸ್ಥೆಯಾದ ಎನ್.ಸಿ.ಎ.ಎ. ಒಪ್ಪಿದ್ದು 1972ರಲ್ಲಿ.

ಇತ್ತೀಚಿನ ಒಂದು ಹೆಸರಾಂತ ಪ್ರಸಂಗವನ್ನು ನೋಡೋಣ. ಅದು ದೊಡ್ಡ ವಿಶ್ವವಿದ್ಯಾಲಯದ್ದು, ಸಣ್ಣ ಕಾಲೇಜಿನದಲ್ಲ. ಆದರೆ ಅಲ್ಲಿಂದ ಹೊರಟರೆ ಸಣ್ಣ ಕಾಲೇಜಿನ ಕಷ್ಟ ಚೆನ್ನಾಗಿ ಕಾಣುತ್ತದೆ. ದಕ್ಷಿಣ ಕ್ಯಾರೊಲಿನಾದ ಕ್ಲೆಮ್ಸನ್ ವಿಶ್ವವಿದ್ಯಾಲಯದ ತಂಡ, 2018. ಕ್ವಾರ್ಟರ್‌ಬ್ಯಾಕ್ ಕೆಲಿ ಬ್ರಯಂಟ್ ಸೀನಿಯರ್. ಹಿಂದಿನ ವರ್ಷ ತಂಡವನ್ನು ರಾಷ್ಟ್ರೀಯ ಸೆಮಿಫೈನಲ್‌ವರೆಗೆ ಕೊಂಡೊಯ್ದವರು ಅವರೇ. ಆ ವರ್ಷ ಟ್ರೆವರ್ ಲಾರೆನ್ಸ್ ಎಂಬ ಹದಿನೆಂಟರ ಹುಡುಗ ಸೇರಿದರು. ಮೊದಲ ನಾಲ್ಕು ಪಂದ್ಯ ಬ್ರಯಂಟ್ ಶುರು ಮಾಡಿದರು, ಲಾರೆನ್ಸ್ ನಡುನಡುವೆ ಇಳಿದರು. ನಾಲ್ಕೂ ಪಂದ್ಯ ತಂಡ ಗೆದ್ದಿತು. ಗೆದ್ದಿತು ಎಂಬುದನ್ನು ಗಮನಿಸಿ. ಆದರೂ ನಾಲ್ಕನೆಯ ಪಂದ್ಯ ಮುಗಿದ ಎರಡು ದಿನಕ್ಕೆ, ಸೆಪ್ಟೆಂಬರ್ 24ರಂದು, ಇನ್ನು ಮುಂದೆ ಲಾರೆನ್ಸ್ ಎಂದು ತರಬೇತುದಾರ ಡಾಬೋ ಸ್ವಿನ್ನಿ ತೀರ್ಮಾನಿಸಿದರು.

ಬ್ರಯಂಟ್ ಅದೇ ವಾರ ತಂಡ ಬಿಟ್ಟರು. ನಾಲ್ಕು ಪಂದ್ಯಕ್ಕಿಂತ ಹೆಚ್ಚು ಆಡದಿದ್ದರೆ ಆ ವರ್ಷ ಲೆಕ್ಕಕ್ಕೆ ಬರುವುದಿಲ್ಲ ಎಂಬ ನಿಯಮ ಆಗತಾನೆ ಬಂದಿತ್ತು. ಅದರ ಬಲದಿಂದ ಅವರು ಮುಂದಿನ ವರ್ಷ ಮಿಸೂರಿ ವಿಶ್ವವಿದ್ಯಾಲಯಕ್ಕೆ ಹೋಗಿ ಆಡಿದರು. ಸ್ವಿನ್ನಿ ಇನ್ನೊಂದು ವಾರ ತಡ ಮಾಡಿದ್ದರೆ, ಬ್ರಯಂಟ್ ಐದನೆಯ ಪಂದ್ಯಕ್ಕೂ ಇಳಿದಿದ್ದರೆ ಆ ಬಾಗಿಲು ಮುಚ್ಚಿಹೋಗುತ್ತಿತ್ತು.

ಮುಂದಿನ ಶನಿವಾರ ಏನಾಯಿತು ನೋಡಿ. ಸಿರಕ್ಯೂಸ್ ವಿರುದ್ಧದ ಪಂದ್ಯದಲ್ಲಿ, ಅರ್ಧ ಮುಗಿಯುವ ಮೊದಲೇ, ಲಾರೆನ್ಸ್ ಪೆಟ್ಟು ತಿಂದು ಹೊರಗೆ ಬಂದರು. ಬ್ರಯಂಟ್ ಇದ್ದಿದ್ದರೆ ಅವರೇ ಇಳಿಯುತ್ತಿದ್ದರು. ಅವರಿರಲಿಲ್ಲ. ಸರದಿಯಲ್ಲಿ ಮೂರನೆಯವರಾಗಿದ್ದ ಚೇಸ್ ಬ್ರೈಸ್ ಇಳಿಯಬೇಕಾಯಿತು. ಹತ್ತು ಅಂಕ ಹಿಂದಿದ್ದ ತಂಡವನ್ನು ಕೊನೆಯ ಭಾಗದಲ್ಲಿ ಎತ್ತಿ 27-23ರಿಂದ ಅವರು ಗೆಲ್ಲಿಸಿದರು. ಕೊನೆಗೆ ಲಾರೆನ್ಸ್ ಮರಳಿದರು. ತಂಡ ಹದಿನೈದಕ್ಕೆ ಹದಿನೈದೂ ಗೆದ್ದಿತು. 2019ರ ಜನವರಿ 7ರಂದು ಅಲಬಾಮಾವನ್ನು 44-16ರಿಂದ ಸೋಲಿಸಿ ರಾಷ್ಟ್ರೀಯ ಚಾಂಪಿಯನ್ ಆಯಿತು.

ಹಾಗಾದರೆ ನಿರ್ಧಾರ ಸರಿಯಾಗಿತ್ತು ಎನ್ನಬಹುದೇ? ಆತುರ ಬೇಡ. ಆ ಶನಿವಾರ ಬ್ರೈಸ್ ಸೋತಿದ್ದರೆ ಇದೇ ನಿರ್ಧಾರವನ್ನು ಜನ ಮೂರ್ಖತನವೆನ್ನುತ್ತಿದ್ದರು. ಫಲ ಬಂದ ಮೇಲೆ ತೀರ್ಪು ಕೊಡುವುದು ಸುಲಭ. ತರಬೇತುದಾರನಿಗೆ ಮಾತ್ರ ಸೋಮವಾರವೇ ಹೇಳಬೇಕಾಗಿರುತ್ತದೆ.

ಸೋಮವಾರ ಅವನ ಕೈಯಲ್ಲಿರುವುದು ಏನು? ನಾನು ವಿಜ್ಞಾನ ಓದಿದವನು, ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಒಂದು ಸಣ್ಣ ಪ್ರಯೋಗ ಮಾಡಿ. ಹತ್ತು ಚೀಟಿ ತೆಗೆದುಕೊಳ್ಳಿ. ಆರರ ಮೇಲೆ ‘ಸರಿ’ ಎಂದೂ ನಾಲ್ಕರ ಮೇಲೆ ‘ತಪ್ಪು’ ಎಂದೂ ಬರೆದು ಡಬ್ಬಿಗೆ ಹಾಕಿ. ಒಂದನ್ನು ತೆಗೆದು, ನೋಡಿ, ಮತ್ತೆ ಒಳಗೆ ಹಾಕಿ ಕುಲುಕಿ. ಹೀಗೆ ಇಪ್ಪತ್ತು ಸಲ. ನೂರಕ್ಕೆ ಅರವತ್ತು ಎಸೆತ ಸರಿಯಾಗಿ ಮುಟ್ಟಿಸಬಲ್ಲ ಒಬ್ಬ ಕ್ವಾರ್ಟರ್‌ಬ್ಯಾಕ್‌ನ ಒಂದು ಪಂದ್ಯ ಇದು ಎಂದುಕೊಳ್ಳಿ. ಹನ್ನೆರಡು ‘ಸರಿ’ ಬರಬೇಕೆಂದು ನೀವು ನಿರೀಕ್ಷಿಸುತ್ತೀರಿ. ಒಮ್ಮೆ ಹತ್ತು ಬರುತ್ತದೆ, ಒಮ್ಮೆ ಹದಿನಾಲ್ಕು. ಲೆಕ್ಕ ಹಾಕಿದರೆ, ನಾಲ್ಕು ಸಲಕ್ಕೆ ಸುಮಾರು ಮೂರು ಸಲ ಹತ್ತರಿಂದ ಹದಿನಾಲ್ಕರ ನಡುವೆ ಬರುತ್ತದೆ. ಉಳಿದ ಒಂದು ಸಲ ಇನ್ನೂ ಆಚೆ ಈಚೆ. ಡಬ್ಬಿ ಅದೇ, ಚೀಟಿ ಅವೇ. ಆದರೆ ಮಾರನೆಯ ದಿನದ ಪತ್ರಿಕೆಯಲ್ಲಿ ಒಬ್ಬನ ಹೆಸರಿನ ಮುಂದೆ ಶೇ. 50 ಎಂದೂ ಇನ್ನೊಬ್ಬನ ಮುಂದೆ ಶೇ. 70 ಎಂದೂ ಇರುತ್ತದೆ. ಓದಿದವರು ಹೊಸ ಹುಡುಗನೇ ಮೇಲು ಎಂದು ಕೂಗುತ್ತಾರೆ.

ಇನ್ನೊಂದು ತೊಡಕಿದೆ, ಅದು ನನ್ನ ಕಸುಬಿಗೆ ಸೇರಿದ್ದು. ಟಿ.ವಿ.ಯ ಕ್ಯಾಮೆರಾ ಚೆಂಡನ್ನು ಹಿಂಬಾಲಿಸುತ್ತದೆ. ನೋಡುಗರಿಗೆ ಬೇಕಾದದ್ದೂ ಅದೇ, ನಾವು ತೋರಿಸುವುದೂ ಅದನ್ನೇ. ಆದರೆ ಎಸೆತ ಕೆಟ್ಟದ್ದೇಕೆ ಎಂಬುದು ಚೆಂಡಿನ ಹತ್ತಿರ ಕಾಣುವುದಿಲ್ಲ. ತಡೆಯಬೇಕಾದವನು ಜಾರಿಬಿದ್ದಿರಬಹುದು, ಹಿಡಿಯಬೇಕಾದವನು ಎಡಕ್ಕೆ ಹೋಗುವ ಬದಲು ಬಲಕ್ಕೆ ಹೋಗಿರಬಹುದು. ಅದಕ್ಕೇ ಅಲ್ಲಿನ ತರಬೇತುದಾರರು ಎತ್ತರದಲ್ಲಿ ನಿಂತು ಇಪ್ಪತ್ತೆರಡು ಮಂದಿಯೂ ಕಾಣುವಂತೆ ತೆಗೆದ ಚಿತ್ರವನ್ನು ಹಿಂದೆ ಮುಂದೆ ಓಡಿಸಿ ನೋಡುತ್ತಾರೆ. ಪ್ರೇಕ್ಷಕರ ಗ್ಯಾಲರಿಯ ಅಭಿಪ್ರಾಯಕ್ಕೂ ಅವರ ಅಭಿಪ್ರಾಯಕ್ಕೂ ಅಂತರ ಹುಟ್ಟುವುದು ಇಲ್ಲೇ.

ಅಭ್ಯಾಸದ ಮಾತೂ ಉಂಟು. ದಿನಕ್ಕೆ ಇಷ್ಟೇ ಹೊತ್ತು ಅಭ್ಯಾಸ, ಮುಖ್ಯ ತಂಡದೊಂದಿಗೆ ಇಷ್ಟೇ ಸರದಿ. ಅದರ ಹೆಚ್ಚಿನ ಪಾಲು ಶನಿವಾರ ಆಡುವವನಿಗೆ ಹೋಗುತ್ತದೆ. ಹೊಸಬನಿಗೆ ಕೊಟ್ಟರೆ ಅವನು ಬೆಳೆಯುತ್ತಾನೆ, ಹಳಬ ತುಕ್ಕು ಹಿಡಿಯುತ್ತಾನೆ. ಒಂದು ತಿಂಗಳ ನಂತರ ನೋಡಿ, ನಾನು ಹೇಳಲಿಲ್ಲವೇ ಎಂದು ತರಬೇತುದಾರ ಬೀಗಬಹುದು. ಆ ವ್ಯತ್ಯಾಸದ ಒಂದು ಪಾಲನ್ನು ಅವನೇ ಉಂಟುಮಾಡಿರುತ್ತಾನೆ.

ಈಗ ಸಣ್ಣ ಕಾಲೇಜಿಗೆ ಬರೋಣ. ಎನ್.ಸಿ.ಎ.ಎ. 1973ರಲ್ಲಿ ಕಾಲೇಜುಗಳನ್ನು ಮೂರು ದರ್ಜೆಗಳಾಗಿ ವಿಂಗಡಿಸಿತು. ಮೂರನೆಯ ದರ್ಜೆಯಲ್ಲಿ ಆಟಕ್ಕಾಗಿ ವಿದ್ಯಾರ್ಥಿವೇತನ ಕೊಡುವಂತಿಲ್ಲ. ಒಂದೆರಡು ಸಾವಿರ ವಿದ್ಯಾರ್ಥಿಗಳಿರುವ ಎಷ್ಟೋ ಕಾಲೇಜುಗಳು ಈ ದರ್ಜೆಯವು. ಇಲ್ಲಿ ಆಡುವ ಹುಡುಗನಿಗೆ ಬೆಳಿಗ್ಗೆ ರಸಾಯನಶಾಸ್ತ್ರದ ಪ್ರಯೋಗಾಲಯ, ಸಂಜೆ ಮೈದಾನ. ವೃತ್ತಿಪರ ತಂಡ ಸೇರುವವರು ಅಪರೂಪಕ್ಕೆ ಒಬ್ಬಿಬ್ಬರು. ಋತುವಿನಲ್ಲಿ ಸಾಮಾನ್ಯವಾಗಿ ಹತ್ತು ಪಂದ್ಯ. ಆಮೇಲೆ ಗೆದ್ದವರಿಗೆ ಮಾತ್ರ ಮುಂದಿನ ಸುತ್ತು.

ಈ ದರ್ಜೆಯಲ್ಲಿ ದೊಡ್ಡ ಹೆಸರು ಜಾನ್ ಗಾಲ್ಯಾರ್ಡಿ ಅವರದು. ಮಿನೆಸೋಟಾದ ಸೇಂಟ್ ಜಾನ್ಸ್ ಕಾಲೇಜಿನಲ್ಲಿ 1953ರಿಂದ 2012ರವರೆಗೆ ತರಬೇತುದಾರರಾಗಿದ್ದರು. ಅದಕ್ಕೂ ಹಿಂದಿನದನ್ನು ಸೇರಿಸಿ ಒಟ್ಟು 489 ಪಂದ್ಯ ಗೆದ್ದರು. ಅವರ ಅಭ್ಯಾಸದಲ್ಲಿ ಒಬ್ಬರನ್ನೊಬ್ಬರು ಕೆಡವುವಂತಿರಲಿಲ್ಲ. ಆಟಗಾರರು ಅವರನ್ನು ‘ಕೋಚ್’ ಎನ್ನದೆ ‘ಜಾನ್’ ಎಂದೇ ಕರೆಯಬೇಕಿತ್ತು. ತಂಡಕ್ಕೆ ಸೇರುತ್ತೇನೆಂದು ಬಂದವರನ್ನು ಅವರು ಹಿಂದಕ್ಕೆ ಕಳಿಸುತ್ತಿರಲಿಲ್ಲ. ಆದರೆ ಇಷ್ಟು ಉದಾರಿಯ ತಂಡದಲ್ಲೂ ಕ್ವಾರ್ಟರ್‌ಬ್ಯಾಕ್‌ನ ಜಾಗ ಒಂದೇ.

ಕ್ಲೆಮ್ಸನ್ನಿನ ಬ್ರಯಂಟ್‌ಗೆ ಹೋಗಲು ಬೇರೆ ಜಾಗವಿತ್ತು. ಅಲಬಾಮಾದ ಜೇಲನ್ ಹರ್ಟ್ಸ್‌ಗೆ ಕಾಯಲು ಸಮಯವಿತ್ತು. ಅವರು ಆಗ ಎರಡನೆಯ ವರ್ಷದವರು. 2018ರ ಜನವರಿ 8ರ ಫೈನಲ್‌ನಲ್ಲಿ 13-0ರಿಂದ ಹಿಂದಿದ್ದಾಗ, ವಿರಾಮದ ನಂತರ ಅವರ ಬದಲು ಫ್ರೆಶ್‌ಮನ್ ಟುವಾ ಟಗೊವೈಲೊವಾ ಇಳಿದು ಪಂದ್ಯ ಗೆಲ್ಲಿಸಿದರು. ಹರ್ಟ್ಸ್ ತಂಡದಲ್ಲೇ ಉಳಿದರು. ಅದೇ ವರ್ಷದ ಡಿಸೆಂಬರ್ 1ರಂದು, ಅದೇ ಜಾರ್ಜಿಯಾ ತಂಡದ ಎದುರು, ಟಗೊವೈಲೊವಾ ಗಾಯಗೊಂಡಾಗ ಇಳಿದು 35-28ರಿಂದ ಗೆಲ್ಲಿಸಿದರು. ಮುಂದೆ 2025ರ ಫೆಬ್ರುವರಿಯಲ್ಲಿ ಸೂಪರ್ ಬೌಲ್ ಗೆದ್ದು ಆ ಪಂದ್ಯದ ಶ್ರೇಷ್ಠ ಆಟಗಾರರೆನಿಸಿದರು. ಕೇಳಲು ಚೆಂದದ ಕಥೆ. ಆದರೆ ಇದನ್ನು ಸಣ್ಣ ಕಾಲೇಜಿನ ಸೀನಿಯರ್‌ಗೆ ಹೇಳಿ ಸಮಾಧಾನ ಮಾಡಲು ಹೋಗಬೇಡಿ. ಅವನಿಗೆ ಬೇರೆ ತಂಡವಿಲ್ಲ. ಬರುವ ವರ್ಷ ಅವನು ಎಲ್ಲೋ ಲೆಕ್ಕಪತ್ರ ನೋಡುತ್ತಿರುತ್ತಾನೆ, ಇಲ್ಲವೇ ಶಾಲೆಯಲ್ಲಿ ಪಾಠ ಮಾಡುತ್ತಿರುತ್ತಾನೆ. ಮೂರನೆಯ ಪಂದ್ಯದ ನಂತರ ಕೂರಿಸಿದರೆ ಅವನು ಕಳೆದುಕೊಳ್ಳುವುದು ಏಳು ಶನಿವಾರ. ಹೊಸಬನಿಗೆ ಇನ್ನೂ ಮೂರು ವರ್ಷವಿದೆ.

ಇಷ್ಟು ಕೇಳಿದ ಮೇಲೆ, ಪಾಪ, ಹಳಬನನ್ನೇ ಆಡಿಸಲಿ ಎಂದು ನಿಮಗನ್ನಿಸಬಹುದು. ನನಗೂ ಮೊದಲು ಹಾಗೇ ಅನ್ನಿಸಿತ್ತು. ಆದರೆ ಇದು ಇಬ್ಬರ ನಡುವಿನ ಮಾತಲ್ಲ. ಅದೇ ತಂಡದಲ್ಲಿ ಇನ್ನೂ ಹತ್ತೋ ಇಪ್ಪತ್ತೋ ಸೀನಿಯರ್‌ಗಳಿರುತ್ತಾರೆ. ಮುಂದಿನ ಸಾಲಿನಲ್ಲಿ ನಿಂತು, ಯಾರ ಕಣ್ಣಿಗೂ ಬೀಳದೆ, ಕ್ವಾರ್ಟರ್‌ಬ್ಯಾಕ್‌ಗೆ ಬೀಳಬೇಕಾದ ಪೆಟ್ಟನ್ನು ತಾವು ತಿನ್ನುವವರು ಅವರು. ಅವರಿಗೂ ಇದೇ ಕೊನೆಯ ವರ್ಷ. ಮೊದಲ ವರ್ಷದ ಹುಡುಗ ನಿಜವಾಗಿಯೂ ಮೇಲಾಗಿದ್ದು, ಒಬ್ಬನ ಮನಸ್ಸು ನೋಯಬಾರದೆಂದು ಅವನನ್ನು ಕೂರಿಸಿದರೆ, ಆ ಇಪ್ಪತ್ತು ಮಂದಿಯ ಶನಿವಾರಗಳನ್ನು ಯಾರು ಕೊಡುತ್ತಾರೆ?

ನನ್ನ ಅಭಿಪ್ರಾಯ ಹೇಳುತ್ತೇನೆ, ನೀವು ಒಪ್ಪಲೇಬೇಕೆಂದಿಲ್ಲ. ಹೊಸ ಹುಡುಗ ಇಂದೇ ಮೇಲಾಗಿದ್ದರೆ ಅವನೇ ಆಡಬೇಕು. ಮೂರು ವರ್ಷದ ದುಡಿಮೆ ಜಾಗವನ್ನು ಕೊಂಡುಕೊಡುವುದಿಲ್ಲ. ಆದರೆ ಸಣ್ಣ ಕಾಲೇಜಿನ ತರಬೇತುದಾರರು ಕೊಡುವ ಇನ್ನೊಂದು ಕಾರಣವಿದೆ: ಮೂರು ಪಂದ್ಯ ಸೋತಿದ್ದೇವೆ, ಈ ವರ್ಷ ಹೇಗೂ ಹೋಯಿತು, ಬರುವ ವರ್ಷಕ್ಕೆ ಹುಡುಗನನ್ನು ತಯಾರು ಮಾಡೋಣ. ಇದು ನನಗೆ ಒಪ್ಪಿಗೆಯಾಗುವುದಿಲ್ಲ. ಬರುವ ವರ್ಷ ತರಬೇತುದಾರನಿಗಿದೆ, ಕಾಲೇಜಿಗಿದೆ, ಹೊಸಬನಿಗಿದೆ. ಸೀನಿಯರ್‌ಗಳಿಗಿಲ್ಲ. ತಮ್ಮ ಹಣದಲ್ಲಿ ಓದಿ, ಕೂಲಿಯಿಲ್ಲದೆ ಆಡುವವರ ಕೊನೆಯ ಋತುವನ್ನು ಬೇರೆಯವರ ಬಿತ್ತನೆಗೆ ಗೊಬ್ಬರ ಮಾಡುವುದು ಹೇಗೆ ನ್ಯಾಯ? ತಂಡ ಕಟ್ಟುವುದು ಎಂದು ಇದಕ್ಕೆ ಒಳ್ಳೆಯ ಹೆಸರು ಬೇರೆ.

ಕೂರಿಸಿದ ಕಾರಣ ಒಂದು, ಹುಡುಗನಿಗೆ ಹೇಳಿದ ಕಾರಣ ಇನ್ನೊಂದು ಎಂದಾದಾಗ ಹೆಚ್ಚು ಕೆಡುತ್ತದೆ. ‘ನಿನ್ನ ಭುಜಕ್ಕೆ ವಿಶ್ರಾಂತಿ ಬೇಕು’ ಎನ್ನುವುದು, ‘ಇಬ್ಬರನ್ನೂ ಆಡಿಸುತ್ತೇವೆ’ ಎಂದು ಹೇಳಿ ಆಡಿಸದಿರುವುದು, ಗೋಡೆಗೆ ಅಂಟಿಸಿದ ಪಟ್ಟಿಯಿಂದ ಅವನಿಗೆ ಗೊತ್ತಾಗುವಂತೆ ಬಿಡುವುದು. ಸಣ್ಣ ಕಾಲೇಜಿನಲ್ಲಿ ಇದು ಅಡಗುವುದೂ ಇಲ್ಲ. ಊಟದ ಹಾಲ್ ಒಂದೇ, ಹಾಸ್ಟೆಲ್ ಒಂದೇ, ಗ್ಯಾಲರಿಯಲ್ಲಿ ಇಬ್ಬರು ಹುಡುಗರ ತಾಯಂದಿರೂ ನಾಲ್ಕು ಸಾಲು ಆಚೆ ಈಚೆ ಕುಳಿತಿರುತ್ತಾರೆ. ಜಾಗ ಹೋದರೂ, ಇನ್ನೊಬ್ಬರಿಂದ ಕೇಳುವ ಮೊದಲು ತರಬೇತುದಾರನ ಬಾಯಿಂದ, ಬಾಗಿಲು ಹಾಕಿದ ಕೋಣೆಯಲ್ಲಿ, ನಿಜವಾದ ಕಾರಣ ಕೇಳುವ ಹಕ್ಕು ಆ ಸೀನಿಯರ್‌ಗಿದೆ. ಅವನು ಎದುರು ಮಾತಾಡಬಹುದು, ಅಳಬಹುದು. ತರಬೇತುದಾರ ಅಷ್ಟು ಹೊತ್ತು ಎದುರಿಗೆ ಕುಳಿತಿರಬೇಕು.

ಹೊಸ ಹುಡುಗನ ಸ್ಥಿತಿಯೂ ಸುಖದ್ದಲ್ಲ. ಆಗಸ್ಟ್‌ನಲ್ಲಿ ಬಂದವನು, ಸೆಪ್ಟೆಂಬರ್‌ನಲ್ಲಿ ತನಗಿಂತ ಮೂರು ವರ್ಷ ದೊಡ್ಡವರಿಗೆ ‘ಹೀಗೆ ನಿಲ್ಲಿ, ಹಾಗೆ ಓಡಿ’ ಎಂದು ಕೂಗಿ ಹೇಳಬೇಕು. ಎದುರಾಳಿಗಳ ನಿಲುವು ನೋಡಿ ಕೊನೆಯ ಗಳಿಗೆಯಲ್ಲಿ ಯೋಜನೆ ಬದಲಿಸುವುದು ಹೇಗೆಂದು ಅವನಿಗೆ ಚೆನ್ನಾಗಿ ಹೇಳಿಕೊಡಬಲ್ಲವನು ಬೆಂಚಿನ ಮೇಲೆ ಕುಳಿತಿರುವ ಆ ಸೀನಿಯರೇ. ಹೇಳಿಕೊಡುತ್ತಾನೋ ಇಲ್ಲವೋ ಎಂಬುದು ಬಹುಪಾಲು ಆ ಬಾಗಿಲು ಹಾಕಿದ ಕೋಣೆಯಲ್ಲಿ ನಡೆದ ಮಾತಿನ ಮೇಲೆ ನಿಂತಿದೆ.

ಅಲ್ಲಿ ‘ಸೀನಿಯರ್ ಡೇ’ ಎಂಬ ಪದ್ಧತಿಯೊಂದಿದೆ. ಸಾಮಾನ್ಯವಾಗಿ ಸ್ವಂತ ಮೈದಾನದ ಕೊನೆಯ ಪಂದ್ಯದ ದಿನ, ಆಟ ಶುರುವಾಗುವ ಮೊದಲು, ಕೊನೆಯ ವರ್ಷದ ಆಟಗಾರರು ಒಬ್ಬೊಬ್ಬರಾಗಿ ತಂದೆ ತಾಯಿಯ ಜೊತೆ ಮೈದಾನಕ್ಕೆ ಬರುತ್ತಾರೆ. ಧ್ವನಿವರ್ಧಕದಲ್ಲಿ ಹೆಸರು ಕೂಗುತ್ತಾರೆ. ಬೆಂಚಿಗೆ ಹೋದ ಕ್ವಾರ್ಟರ್‌ಬ್ಯಾಕ್‌ನನ್ನೂ ಕೂಗುತ್ತಾರೆ, ಅವನೂ ಅಪ್ಪ ಅಮ್ಮನ ನಡುವೆ ನಡೆದು ಬರುತ್ತಾನೆ. ಕೆಲವು ತರಬೇತುದಾರರು ಆ ದಿನ ಮೊದಲ ಸರದಿಯನ್ನು ಅವನಿಗೇ ಬಿಡುತ್ತಾರೆ. ಹಾಗೆ ಬಿಡುವ ಮೊದಲು ಅವನನ್ನೇ ಒಂದು ಮಾತು ಕೇಳುವುದು ಒಳ್ಳೆಯದು. ಬೇಡ, ಗೆಲ್ಲುವುದನ್ನು ನೋಡಿ ಎನ್ನುವ ಹುಡುಗರಿದ್ದಾರೆ. ಮಾತು ಮುಗಿಯುವ ಮೊದಲೇ ಹೆಲ್ಮೆಟ್ಟು ಹುಡುಕಲು ಹೋಗುವವರೂ ಇದ್ದಾರೆ.