ಹಳೆಯ ಡಯಲನ್ನು ಅಳಿಸದಿರೋಣ



ಹಳೆಯ ಕೈಗಡಿಯಾರಗಳ ಈ ಪ್ರದರ್ಶನಕ್ಕೆ ನಮ್ಮ ಡೊಂಬಿವಲಿಯ ಎಂಐಡಿಸಿ ಕೈಗಾರಿಕಾ ಪ್ರದೇಶ ತಕ್ಕ ಜಾಗ. ಲೇಥಿನ ಮುಂದೆ ನಿಂತು, ಒಂದೆರಡು ‘ಥೌ’, ಅಂದರೆ ಇಂಚಿನ ಸಾವಿರದ ಒಂದು ಭಾಗದಷ್ಟು, ಹೆಚ್ಚುಕಡಿಮೆಯಾದರೂ ಜಾಬ್ ರಿಜೆಕ್ಟ್ ಆಗುತ್ತದೆಂದು ಬಲ್ಲವರು ಇಲ್ಲಿ ಕೂತಿದ್ದೀರಿ. ಹಾಗಾಗಿ ಕ್ರೋನೋಗ್ರಾಫ್ ಎಂಬ ಕೈಗಡಿಯಾರದ ಹಿರಿಮೆ ನಿಮಗೆ ಬೇಗ ತಿಳಿಯುತ್ತದೆ.

ಅದು ಹೊತ್ತು ತೋರಿಸುವ ಗಡಿಯಾರದೊಳಗೇ ಅಡಗಿರುವ ಸ್ಟಾಪ್‌ವಾಚ್. ಮೇಲಿನ ಗುಂಡಿ ಒತ್ತಿದರೆ ನಡುವಿನ ಮುಳ್ಳು ಓಡುತ್ತದೆ, ಇನ್ನೊಮ್ಮೆ ಒತ್ತಿದರೆ ನಿಲ್ಲುತ್ತದೆ. ಕೆಳಗಿನದನ್ನು ಒತ್ತಿದರೆ ಸರಕ್ಕನೆ ಸೊನ್ನೆಗೆ ಮರಳುತ್ತದೆ. ಒಂದು ಕಿಲೋಮೀಟರನ್ನು 30 ಸೆಕೆಂಡಿನಲ್ಲಿ ದಾಟಿದರೆ ಅಂಚಿನ ಟ್ಯಾಕಿಮೀಟರ್ ಅಳತೆಪಟ್ಟಿ ಗಂಟೆಗೆ 120 ಕಿಲೋಮೀಟರ್ ಎಂದು ವೇಗ ಹೇಳುತ್ತದೆ. ಬ್ಯಾಟರಿಯಿಲ್ಲದೆ, ಬರೀ ಸ್ಪ್ರಿಂಗು, ಹಲ್ಲುಚಕ್ರ, ಸನ್ನೆಗಳು ಮಾಡುವ ಕೆಲಸ ಇದು.

1969ರಲ್ಲಿ ಕೈಯ ಚಲನೆಯಿಂದಲೇ ಕೀಲಿ ತುಂಬಿಕೊಳ್ಳುವ ಆಟೊಮ್ಯಾಟಿಕ್ ಕ್ರೋನೋಗ್ರಾಫ್ ಬಂತು. ಸ್ವಿಸ್ ಕಂಪನಿಗಳೂ ಜಪಾನಿನ ಸೈಕೋವೂ ಪೈಪೋಟಿಗೆ ಬಿದ್ದ ವರ್ಷ ಅದು. ಆಮೇಲೆ ಬ್ಯಾಟರಿಯಿಂದ ನಡೆಯುವ ಕ್ವಾರ್ಟ್ಜ್ ಗಡಿಯಾರ ಎಲ್ಲವನ್ನೂ ಬದಿಗೆ ಸರಿಸಿತು. ಸ್ವಿಸ್ ಕಂಪನಿ ಝೆನಿತ್‌ನ ಕಾರ್ಖಾನೆಯಲ್ಲಿ ‘ಎಲ್ ಪ್ರಿಮೆರೊ’ ಎಂಬ ಆಟೊಮ್ಯಾಟಿಕ್ ಕ್ರೋನೋಗ್ರಾಫ್ ಯಂತ್ರದ ತಯಾರಿ ನಿಂತು, ಅದರ ಟೂಲುಗಳು ಗುಜರಿಗೆ ಹೋಗುವುದರಲ್ಲಿದ್ದಾಗ ಚಾರ್ಲ್ಸ್ ವರ್ಮೋ ಎಂಬ ನೌಕರ ಅವನ್ನೆಲ್ಲ ಅಟ್ಟದಲ್ಲಿ ಬಚ್ಚಿಟ್ಟರು. ಎಂಬತ್ತರ ದಶಕದಲ್ಲಿ ಆ ಯಂತ್ರ ಮತ್ತೆ ತಯಾರಾದದ್ದು ಅವರಿಂದಲೇ.

ಕನ್ನಡಿಗರಾದ ನಮ್ಮ ಕಥೆಯೂ ಇದೆ. 1961ರಲ್ಲಿ ಜಪಾನಿನ ಸಿಟಿಜನ್ ಸಹಯೋಗದಲ್ಲಿ ಬೆಂಗಳೂರಿನ ಎಚ್‌ಎಂಟಿ ಗಡಿಯಾರ ಕಾರ್ಖಾನೆ ಶುರುವಾಯಿತು. ಮೊದಲ ತಂಡದ ಗಡಿಯಾರಗಳನ್ನು ಬಿಡುಗಡೆ ಮಾಡಿದವರು ನೆಹರೂ. 1978ರಲ್ಲಿ ತುಮಕೂರು ಕಾರ್ಖಾನೆ ಬಂತು. 2016ರಲ್ಲಿ ಗಡಿಯಾರ ವಿಭಾಗವನ್ನು ಮುಚ್ಚುವ ತೀರ್ಮಾನವಾಯಿತು. ಎಚ್‌ಎಂಟಿಯ ಜನತಾ, ಪೈಲಟ್ ಮಾದರಿಗಳು ಕ್ರೋನೋಗ್ರಾಫ್‌ಗಳಲ್ಲ. ಆದರೂ ಅವುಗಳಿಗೆ ಈ ಮೇಜಿನ ಮೇಲೆ ಸಮಾನ ಗೌರವ ಸಲ್ಲಬೇಕು. ನಮ್ಮ ನಾಡಿನವರ ಕೈ ಅವನ್ನು ಜೋಡಿಸಿತ್ತು.

ಒಂದು ಮಾತನ್ನು ಕಳಕಳಿಯಿಂದ ಹೇಳುತ್ತೇನೆ. ಮಾಸಿದ ಡಯಲನ್ನು ಕೆರೆದು, ಬಣ್ಣ ಬಳಿದು, ಹೊಸದಾಗಿ ಅಚ್ಚು ಹಾಕಿ ಮಾರುವ ದಂಧೆಗೆ ಹೊರಗಿನ ಸಂಗ್ರಾಹಕರು ನಮ್ಮ ಮುಂಬೈಯ ಹೆಸರನ್ನೇ ಅಂಟಿಸಿದ್ದಾರೆ. ನೋವಾಗುತ್ತದೆ. ಭೂತಗನ್ನಡಿ ಹಿಡಿದು ನೋಡಿ: ಅಂಥ ಡಯಲಿನಲ್ಲಿ ಅಕ್ಷರದ ಅಂಚು ಹರಡಿರುತ್ತದೆ, ಡಯಲಿನೊಳಗಿನ ಚಿಕ್ಕ ವೃತ್ತದ ನಡುವಿಗೆ ಅದರ ಮುಳ್ಳಿನ ಬುಡ ಹೊಂದುವುದಿಲ್ಲ. ಕಾರ್ಖಾನೆ ಹಾಕಿದ ಅಚ್ಚು ಒಮ್ಮೆ ಹೋದರೆ ಹೋಯಿತು. ಎಷ್ಟು ಹಣ ಸುರಿದರೂ ಮರಳುವುದಿಲ್ಲ.

ಆದ್ದರಿಂದ ಯಂತ್ರವನ್ನು ಬಿಚ್ಚಿಸಿ, ತೊಳೆಸಿ, ಎಣ್ಣೆ ಹಾಕಿಸಿ; ಆದರೆ ಡಯಲನ್ನು ಮುಟ್ಟಿಸಬೇಡಿ. ಬದಲಾಯಿಸಿದ ಬಿಡಿಭಾಗವನ್ನು ಚೀಟಿಯಲ್ಲಿ ಬರೆದಿಡಿ. ಈ ವಿದ್ಯೆ ಬಲ್ಲ ಹಿರಿಯ ರಿಪೇರಿಯವರ ಪಕ್ಕ ನಿಮ್ಮ ಮಕ್ಕಳನ್ನು ಕೂರಿಸಿ. ಸಂಗ್ರಹ ಉಳಿಯುವುದು ಬೀರುವಿನಿಂದಲ್ಲ, ಬಲ್ಲವರಿಂದ.

ಪ್ರದರ್ಶನವನ್ನು ಸಂತೋಷದಿಂದ ಉದ್ಘಾಟಿಸಿದ್ದೇನೆ. ಬನ್ನಿ, ನೋಡಿ, ಗುಂಡಿ ಒತ್ತುವ ಮುನ್ನ ಮಾಲೀಕರನ್ನು ಕೇಳಿ, ಅವರು ಹೇಳುವುದನ್ನು ಕೇಳಿಸಿಕೊಳ್ಳಿ.