ಎರಡು ಪೆನಾಲ್ಟಿಗಳು ಮತ್ತು ನಾನು
(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಡಾಕ್ಟರು ವೇದಿಕೆ ಹತ್ತಿದರೆ ಸಕ್ಕರೆ ಕಾಯಿಲೆಯ ಮಾತು ಬರುತ್ತದೆಂದು ತಾವು ಹೆದರಿರಬಹುದು. ಕಳೆದ ವರ್ಷ ಅದನ್ನೇ ಮಾತಾಡಿದೆ. ಮಾತು ಮುಗಿದ ಕೂಡಲೇ ಎಲ್ಲರೂ ಹೋಳಿಗೆ ತಟ್ಟೆಗೆ ಮುಗಿಬಿದ್ದದ್ದನ್ನೂ ಕಂಡೆ. ಆದ್ದರಿಂದ ಈ ಸಲ ಫುಟ್‌ಬಾಲ್.

ನಾನು ಕಾರವಾರದವನು. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ. ಪಕ್ಕದಲ್ಲೇ ಗೋವಾ ಇರುವುದರಿಂದ ನಮ್ಮ ಕಡೆ ಕ್ರಿಕೆಟ್ಟಿನ ಜೊತೆಗೆ ಫುಟ್‌ಬಾಲಿನ ಗಾಳಿಯೂ ಬೀಸುತ್ತಿತ್ತು. 1986ರ ಜೂನ್ 21. ನನಗೆ ಎಂಟು ವರ್ಷ. ಮಡಗಾಂವ್‌ನಲ್ಲಿದ್ದ ಸೋದರಮಾವನ ಮನೆಗೆ ನಾಮಕರಣಕ್ಕೆ ಹೋಗಿದ್ದೆವು. ಹೊರಗೆ ಧೋ ಎಂದು ಮಳೆ. ಒಳಗೆ ಟೀವಿಯ ಮುಂದೆ ಮಾವ, ಅವರ ಗೆಳೆಯರು, ಮತ್ತು ಮಲಗಲು ಒಪ್ಪದ ನಾನು. ಮೆಕ್ಸಿಕೋದಲ್ಲಿ ವಿಶ್ವಕಪ್ಪಿನ ಕ್ವಾರ್ಟರ್ ಫೈನಲ್, ಬ್ರೆಜಿಲ್ ಮತ್ತು ಫ್ರಾನ್ಸ್. ಅಲ್ಲಿ ನಡುಮಧ್ಯಾಹ್ನ, ನಮಗೆ ನಡುರಾತ್ರಿ.

ಆಟ 1–1ರಲ್ಲಿ ನಿಂತಿತ್ತು. ಝೀಕೋ ಬದಲಿ ಆಟಗಾರನಾಗಿ ಒಳಗೆ ಬಂದ. ಬಂದ ಸ್ವಲ್ಪ ಹೊತ್ತಿನಲ್ಲೇ ಅವನು ಕೊಟ್ಟ ಚೆಂಡಿನಿಂದ ಬ್ರೆಜಿಲ್‌ಗೆ ಪೆನಾಲ್ಟಿ ಸಿಕ್ಕಿತು. ತಾನೇ ಒದ್ದ. ಫ್ರಾನ್ಸಿನ ಗೋಲಿ ಬಾಟ್ಸ್ ತಡೆದುಬಿಟ್ಟ. ಕೊನೆಗೆ ನಿರ್ಣಯಕ್ಕಾಗಿ ಒದ್ದ ಪೆನಾಲ್ಟಿಗಳಲ್ಲಿ ಝೀಕೋ ತನ್ನದನ್ನು ಗೋಲು ಮಾಡಿದ, ಆದರೆ ಬ್ರೆಜಿಲ್ 4–3ರಿಂದ ಸೋತಿತು. ಆಗ ತಪ್ಪಿದವರಲ್ಲಿ ಸಾಕ್ರಟೀಸ್ ಒಬ್ಬ. ಅವನು ನಿಜವಾಗಿಯೂ ಮೆಡಿಕಲ್ ಓದಿದ ಡಾಕ್ಟರ್. ನಮ್ಮ ತಂದೆ ಮುಂದೆ ಎಷ್ಟೋ ವರ್ಷ "ಫುಟ್‌ಬಾಲ್ ಆಡಿದರೂ ಅವನು ಓದು ಬಿಡಲಿಲ್ಲ ನೋಡು" ಎಂದು ನನ್ನನ್ನು ಕುಟುಕುತ್ತಿದ್ದರು.

ನನಗೆ ಮಾತ್ರ ಓದಿದವನು ಬೇಡವಾಗಿದ್ದ. ನಾನು ಅತ್ತದ್ದು ಝೀಕೋಗಾಗಿ. ಎಲ್ಲರೂ ಅವನನ್ನು ಬೈಯುತ್ತಿದ್ದಾಗ ಮಾವ ಒಬ್ಬರೇ, "ಕಾಲು ನೆಟ್ಟಗಿಲ್ಲವೋ ಅವನದು" ಎಂದರು. ಹಿಂದಿನ ವರ್ಷ ರಿಯೋದ ಒಂದು ಪಂದ್ಯದಲ್ಲಿ ಎದುರಾಳಿಯ ಒದೆತಕ್ಕೆ ಅವನ ಮೊಣಕಾಲು ಹಾಳಾಗಿತ್ತು. ಆ ಮಾತು ನನ್ನಲ್ಲಿ ಉಳಿಯಿತು. ಮುಂದೆ ಹುಬ್ಬಳ್ಳಿಯಲ್ಲಿ ಎಂಬಿಬಿಎಸ್ ಓದುವಾಗ ಮೊಣಕಾಲಿನ ಲಿಗಮೆಂಟುಗಳ ಪಾಠ ಬಂದ ದಿನ ನನಗೆ ಮೊದಲು ನೆನಪಾದದ್ದು ಆ ರಾತ್ರಿ.

ಅದೇ ಝೀಕೋ 1991ರಲ್ಲಿ, ಮೂವತ್ತೆಂಟನೆಯ ವಯಸ್ಸಿನಲ್ಲಿ, ಜಪಾನಿನ ಎರಡನೇ ದರ್ಜೆಯ ಸುಮಿತೋಮೋ ಉಕ್ಕಿನ ಕಾರ್ಖಾನೆ ತಂಡಕ್ಕೆ ಬಂದ. ಊರು ಕಾಶಿಮಾ, ಆಗ ಐವತ್ತು ಸಾವಿರ ಜನವೂ ಇರಲಿಲ್ಲ. ಹೊಸ ಲೀಗಿಗೆ ನಿಮ್ಮನ್ನು ಸೇರಿಸುವುದು ಶೇಕಡ 99.9999 ಅಸಾಧ್ಯ ಎಂದು ಲೀಗಿನ ಮುಖ್ಯಸ್ಥರಾಗಿದ್ದ ಕವಾಬುಚಿ ಹೇಳಿದ್ದರಂತೆ. ಚಾವಣಿ ಇರುವ, ಹದಿನೈದು ಸಾವಿರ ಜನ ಕೂರುವ ಕ್ರೀಡಾಂಗಣ ಕಟ್ಟಿದರೆ ನೋಡೋಣ ಎಂದರು. ಕಟ್ಟಿಯೇಬಿಟ್ಟರು! 1993ರ ಮೇ 16ರಂದು, ಜೆ ಲೀಗಿನ ತಮ್ಮ ಮೊದಲ ಪಂದ್ಯದಲ್ಲೇ ಕಾಶಿಮಾ ಆಂಟ್ಲರ್ಸ್ ನಗೋಯಾವನ್ನು 5–0ರಿಂದ ಸೋಲಿಸಿತು. ಮೂರು ಗೋಲು ನಲವತ್ತು ವರ್ಷದ ಝೀಕೋನವು, ಲೀಗಿನ ಮೊಟ್ಟಮೊದಲ ಹ್ಯಾಟ್ರಿಕ್. ಕಾರವಾರದಲ್ಲಿ ಪತ್ರಿಕೆಯ ಒಂದು ಮೂಲೆಯಲ್ಲಿ ಅದನ್ನು ಓದಿದ ಹದಿನೈದರ ಹುಡುಗ ಅಂದಿನಿಂದ ಕಾಶಿಮಾದವನಾದ. ಆ ಊರು ಭೂಪಟದಲ್ಲಿ ಎಲ್ಲಿದೆಯೆಂದು ಗೊತ್ತಿರಲಿಲ್ಲ.

ರೆಸಿಡೆನ್ಸಿ ಮುಗಿಸಿ, ಕೆಲವು ವರ್ಷ ಊರಿನಲ್ಲಿ ದುಡಿದು, 2010ರಲ್ಲಿ ಸಂಶೋಧನೆಗೆಂದು ತ್ಸುಕುಬಾಕ್ಕೆ ಬಂದೆ. ಕಾಶಿಮಾ ಇರುವುದೂ ಅದೇ ಇಬಾರಾಕಿ ಪ್ರಾಂತ್ಯದಲ್ಲಿ. ಝೀಕೋಗಾಗಿ ಬಂದೆ ಎಂದರೆ ಸುಳ್ಳಾಗುತ್ತದೆ. ಆದರೆ ಬೇರೆ ಕಡೆಯೂ ಅವಕಾಶವಿತ್ತು ಎಂಬುದನ್ನು ನನ್ನ ಶ್ರೀಮತಿ ಈಗಲೂ ನೆನಪಿಸುತ್ತಾಳೆ. ಇಲ್ಲಿ ನನ್ನ ಡಿಗ್ರಿಗೆ ರೋಗಿಯ ಕೈ ಹಿಡಿದು ನಾಡಿ ನೋಡುವ ಅಧಿಕಾರವಿಲ್ಲ. ಮೊದಲ ವರ್ಷ ಪ್ರಯೋಗಾಲಯದಲ್ಲಿ ಭಾಷೆ ಬಾರದೆ ಮೂಗನಂತಿದ್ದೆ. ಹಿರಿಯ ಸಹೋದ್ಯೋಗಿಯೊಬ್ಬರ ಮೇಜಿನ ಮೇಲೆ ಆಂಟ್ಲರ್ಸ್‌ನ ಕಡುಗೆಂಪು ಶಾಲು ಕಂಡು "ಝೀಕೋ" ಎಂದೆ. ಅಷ್ಟೇ. ಮುಂದಿನ ವಾರ ಅವರ ಕಾರಿನಲ್ಲಿ ಕಾಶಿಮಾಕ್ಕೆ ಹೋದೆ. ಅಲ್ಲಿನ ಕರುಳಿನ ಸಾರು ಬಹಳ ಪ್ರಸಿದ್ಧ. ನನಗೆ ಮಾತ್ರ ಚಪಾತಿ, ಬಟಾಟೆ ಪಲ್ಯ.

2011ರ ಮಾರ್ಚ್ 11ರ ಬಗ್ಗೆ ನಿಮಗೆ ಹೇಳಬೇಕಾಗಿಲ್ಲ. ನನ್ನ ಶ್ರೀಮತಿ ಆಗ ಗರ್ಭಿಣಿ. ಫುಕುಶಿಮಾದ ಸುದ್ದಿ ಕೇಳಿ ಅಮ್ಮ ಫೋನಿನಲ್ಲಿ ಅಳುತ್ತಿದ್ದರು. ನಾವು ಹೊರಟುಬಿಟ್ಟೆವು. ವೈದ್ಯನಾಗಿ ಅಂಕಿಅಂಶ ಓದಬಲ್ಲವನು, ಯಾರಿಗೂ ಸರಿಯಾಗಿ ಹೇಳದೆ, ಎರಡು ಸೂಟ್‌ಕೇಸ್ ಹಿಡಿದು ಓಡಿದೆ. ಆರು ವಾರ ಕಾರವಾರದ ಮನೆಯಲ್ಲಿ ಕುಳಿತು ನಾಚಿಕೆ ಪಟ್ಟೆ. ಕಾಶಿಮಾ ಕ್ರೀಡಾಂಗಣಕ್ಕೂ ಹಾನಿಯಾಗಿತ್ತು. ಕೆಲಕಾಲ ಅಲ್ಲಿ ಆಟವಿರಲಿಲ್ಲ. ಹಿಂತಿರುಗಿದ ದಿನ ಆ ಹಿರಿಯರ ಮುಖ ನೋಡಲು ಧೈರ್ಯವಿರಲಿಲ್ಲ. ಅವರು ಏನೂ ಕೇಳಲಿಲ್ಲ. ನನ್ನ ಮೇಜಿನ ಮೇಲೆ ಒಂದು ಲಕೋಟೆ ಇಟ್ಟು ಹೋದರು. ಕಾಶಿಮಾದಲ್ಲಿ ಆಟ ಮತ್ತೆ ಶುರುವಾದಾಗಿನ ಟಿಕೆಟ್ ಅದರಲ್ಲಿತ್ತು, ಅವರ ಪಕ್ಕದ ಸೀಟು.

2014ರಲ್ಲಿ ಮಡಗಾಂವ್‌ನಿಂದ ಮಾವನ ಫೋನ್. "ನೀನು ಅಲ್ಲಿ ಏನು ಮಾಡುತ್ತಿದ್ದೀಯೋ? ನಿನ್ನ ಝೀಕೋ ಇಲ್ಲಿ ನಮ್ಮ ಫಾತೋರ್ಡಾದಲ್ಲಿದ್ದಾನೆ!" ಎಫ್‌ಸಿ ಗೋವಾದ ಕೋಚ್ ಆಗಿ ಬಂದಿದ್ದ, 2016ರವರೆಗೂ ಇದ್ದ. ನನ್ನ ರಜೆಗೂ ಅವನ ಪಂದ್ಯಗಳಿಗೂ ಒಮ್ಮೆಯೂ ಹೊಂದಿಕೆಯಾಗಲಿಲ್ಲ. ನಕ್ಕುಬಿಡಿ, ನಾನೂ ನಕ್ಕಿದ್ದೇನೆ.

ಇನ್ನು ಎರಡನೇ ಪೆನಾಲ್ಟಿ. ಅದನ್ನು ಹುಡುಕಿ ತಂದವನು ನನ್ನ ಮಗ. 1994ರ ಜನವರಿಯಲ್ಲಿ ಲೀಗಿನ ಅಂತಿಮ ಹಣಾಹಣಿ. ಎದುರಾಳಿ ವೆರ್ಡಿ ಕವಾಸಾಕಿಗೆ ಪೆನಾಲ್ಟಿ. ಮಿಯುರಾ ಇಟ್ಟಿದ್ದ ಚೆಂಡಿನ ಬಳಿ ಹೋಗಿ ಝೀಕೋ ಉಗುಳಿದ. ರೆಫರಿ ಹೊರಗೆ ಕಳಿಸಿದರು. ಹಳೆಯ ವಿಡಿಯೋ ತೋರಿಸಿ ಮಗ ಕೇಳಿದ: "ಅಪ್ಪಾ, ಸಮರ್ಪಣೆ, ನಿಷ್ಠೆ, ಗೌರವ ಅಂತ ತಂಡಕ್ಕೆ ಕಲಿಸಿದವನು ಇವನೇ ಅಲ್ವಾ?" ನಾನು ತಡವರಿಸಿ 1986ರ ಕಥೆ, ಮೊಣಕಾಲಿನ ಕಥೆ ಹೇಳಿದೆ. "ಮೊಣಕಾಲಿಗೂ ಉಗುಳಿಗೂ ಏನು ಸಂಬಂಧ?" ಎಂದ. ಸಂಬಂಧವಿಲ್ಲ. ಉಗುಳಿದ್ದು ತಪ್ಪು, ಅದನ್ನು ಒಪ್ಪಿಕೊಂಡೆ. ಆದರೂ ಗೋಡೆಯ ಮೇಲಿನ ಚಿತ್ರ ತೆಗೆಯಲಿಲ್ಲ. ಆರು ವಾರ ಓಡಿಹೋದವನನ್ನು ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡವರ ಊರು ಅದು ಎಂದು ಮಗನಿಗೆ ಆ ದಿನ ಮೊದಲ ಬಾರಿಗೆ ಹೇಳಿದೆ.

2025ರ ಡಿಸೆಂಬರ್‌ನಲ್ಲಿ, ಒಂಬತ್ತು ವರ್ಷಗಳ ನಂತರ, ಆಂಟ್ಲರ್ಸ್ ಮತ್ತೆ ಲೀಗ್ ಗೆದ್ದಿತು. ನಾವಿಬ್ಬರೂ ಅಲ್ಲಿದ್ದೆವು. ಪಂದ್ಯದ ದಿನ ಮಾತ್ರ ರೈಲು ನಿಲ್ಲುವ ಆ ಪುಟ್ಟ ಸ್ಟೇಷನ್ನಿನ ಸಾಲಿನಲ್ಲಿ ನಿಂತಿದ್ದಾಗ ಮಗ, "ಆ ಬಾಟ್ಸ್ ಅನ್ನೋನು ಯಾವ ಕಡೆ ಹಾರಿದ್ದಪ್ಪಾ?" ಎಂದು ಕೇಳಿದ. ನನಗೆ ನೆನಪಿರಲಿಲ್ಲ. ಮಡಗಾಂವ್‌ಗೆ ಫೋನ್ ಹಚ್ಚಿದೆವು. ಅಲ್ಲಿ ಊಟ ಮುಗಿಸಿ ಅಡ್ಡಾಗುವ ಹೊತ್ತು. ಎಂಬತ್ತು ದಾಟಿದ ಮಾವ ರೇಗಿಯೇ ಉತ್ತರ ಕೊಟ್ಟರು:

"ಯಾವ ಕಡೆ ಹಾರಿದರೇನೋ! ಕಾಲು ನೆಟ್ಟಗಿರಲಿಲ್ಲ ಅವನದು."