ಕೋಟೆ ನಿಜ, ವಜ್ರ ಕಥೆ

(ಶ್ರೀರಂಗಪಟ್ಟಣದ ಓದುಗರ ಕೂಟವೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ದೇವಸ್ಥಾನ, ನಿಧಿ, ಶಾಪ, ಗುಪ್ತಪಂಥ ಇವನ್ನೆಲ್ಲ ಹೆಣೆದ ರೋಚಕ ಕಾದಂಬರಿಯನ್ನು ಓದಿ ಮುಗಿಸಿದೊಡನೆ ನಾವು ಕೇಳುವ ಪ್ರಶ್ನೆ ಒಂದೇ: ಇದರಲ್ಲಿ ನಿಜವೆಷ್ಟು? 2003ರಲ್ಲಿ ಡ್ಯಾನ್ ಬ್ರೌನ್ ಅವರ 'ದ ಡಾ ವಿಂಚಿ ಕೋಡ್' ಬಂದಾಗ ಜಗತ್ತೆಲ್ಲ ಇದನ್ನೇ ಕೇಳಿತು. ಅದಕ್ಕೂ 135 ವರ್ಷ ಮೊದಲು ಬಂದ ಇಂಥದೇ ಒಂದು ಪ್ರಸಿದ್ಧ ಕಾದಂಬರಿಯ ಕಥೆ ಆರಂಭವಾಗುವುದು ನಾವೀಗ ಕುಳಿತಿರುವ ಈ ಊರಿನಲ್ಲೇ.

ಅದು ವಿಲ್ಕಿ ಕಾಲಿನ್ಸ್ ಬರೆದ 'ದ ಮೂನ್‌ಸ್ಟೋನ್'. 1868ರಲ್ಲಿ ಚಾರ್ಲ್ಸ್ ಡಿಕನ್ಸ್ ಅವರ ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂತು. ಸೋಮನಾಥದ ಚಂದ್ರದೇವನ ಹಣೆಯಲ್ಲಿದ್ದ ಹಳದಿ ವಜ್ರವೊಂದು ಕೈಯಿಂದ ಕೈಗೆ ಸಾಗಿ ಟಿಪ್ಪುವಿನ ಆಯುಧಶಾಲೆಗೆ ಬರುತ್ತದೆ. ಕೋಟೆ ಬಿದ್ದ ದಿನ ಒಬ್ಬ ಇಂಗ್ಲಿಷ್ ಅಧಿಕಾರಿ ಕೊಲೆ ಮಾಡಿ ಅದನ್ನು ಕದಿಯುತ್ತಾನೆ. ಮೂವರು ಬ್ರಾಹ್ಮಣರು ಅದನ್ನು ಹಿಂಬಾಲಿಸುತ್ತಾರೆ. ಕಥೆಯ ಬೀಜ ಇಷ್ಟು.

ಇದರಲ್ಲಿ ನಿಜ ಯಾವುದು? 1799ರ ಮೇ 4ರಂದು ಕೋಟೆಗೆ ಲಗ್ಗೆ ಹಾಕಿದ್ದು ನಿಜ. ಲಗ್ಗೆಯ ಮುಂದಾಳು ಜನರಲ್ ಬೇರ್ಡ್ ನಿಜವಾದ ವ್ಯಕ್ತಿ; 1780ರಲ್ಲಿ ಪೊಳ್ಳಿಲೂರಿನಲ್ಲಿ ಸೆರೆಸಿಕ್ಕಿ ಇದೇ ಪಟ್ಟಣದಲ್ಲಿ ವರ್ಷಗಳ ಕಾಲ ಬಂದಿಯಾಗಿದ್ದವನು. ಸೈನಿಕರು ಊರನ್ನು ದೋಚಿದ್ದೂ ನಿಜ. ಮರುದಿನ ಅಧಿಕಾರ ವಹಿಸಿಕೊಂಡ ಆರ್ಥರ್ ವೆಲ್ಲೆಸ್ಲಿ ಕೆಲವರನ್ನು ಗಲ್ಲಿಗೇರಿಸಿದ ಮೇಲೆಯೇ ಲೂಟಿ ಹತೋಟಿಗೆ ಬಂತು. ಸೈನ್ಯ ಹಂಚಿಕೊಂಡ ಸಂಪತ್ತಿನ ಲೆಕ್ಕ ಸುಮಾರು 11 ಲಕ್ಷ ಪೌಂಡು. ಟಿಪ್ಪುವಿನ ಚಿನ್ನದ ಸಿಂಹಾಸನವನ್ನು ಒಡೆದು ಚೂರು ಮಾಡಿದರು. ಅವನ ಮರದ ಹುಲಿ ಇಂದಿಗೂ ಲಂಡನ್ನಿನ ವಸ್ತುಸಂಗ್ರಹಾಲಯದಲ್ಲಿದೆ.

ಇನ್ನು ಕಟ್ಟುಕಥೆ. ಆ ವಜ್ರವೇ ಇರಲಿಲ್ಲ. ಸೋಮನಾಥದಲ್ಲಿರುವುದು ಶಿವಲಿಂಗ, ನಾಲ್ಕು ಕೈಗಳ ಚಂದ್ರದೇವ ಲೇಖಕನ ಕಲ್ಪನೆ. ಕಾಲಿನ್ಸ್ ಭಾರತಕ್ಕೆ ಕಾಲಿಟ್ಟವನೇ ಅಲ್ಲ. ಎರಡು ವಜ್ರಗಳ ಕಥೆಗಳಿಂದ ಸ್ಫೂರ್ತಿ ಪಡೆದೆನೆಂದು ಮುನ್ನುಡಿಯಲ್ಲಿ ಅವನೇ ಒಪ್ಪಿಕೊಂಡಿದ್ದಾನೆ. ಒಂದು ಕೊಹಿನೂರ್. ಇನ್ನೊಂದು ರಷ್ಯದ ರಾಜದಂಡದಲ್ಲಿರುವ ಓರ್ಲೋವ್ ವಜ್ರ. ಅದನ್ನು ರಂಗನಾಥನ ಕಣ್ಣಿನಿಂದ ಫ್ರೆಂಚ್ ಸೈನಿಕನೊಬ್ಬ ಕದ್ದನೆಂಬುದು ಐತಿಹ್ಯ. ಆದರೆ ಆ ರಂಗನಾಥ ತಿರುಚಿರಾಪಳ್ಳಿಯ ಬಳಿಯ ಶ್ರೀರಂಗದವನು, ನಮ್ಮ ಪಟ್ಟಣದವನಲ್ಲ. ಎರಡೂ ಕಾವೇರಿಯ ದ್ವೀಪಗಳು, ಎರಡು ಕಡೆಯೂ ರಂಗನಾಥನೇ. ಗೊಂದಲಕ್ಕೆ ಇಷ್ಟು ಸಾಕು.

ಇಲ್ಲಿಂದ ಕಲಿಯಬೇಕಾದ ಮೊದಲ ಪಾಠವೆಂದರೆ, ಸ್ಥಳ ಮತ್ತು ತಾರೀಖು ನಿಜವಾದ ಮಾತ್ರಕ್ಕೆ ಕಥೆ ನಿಜವಾಗದು. ಲೇಖಕನೇ 'ಇದು ಸತ್ಯ' ಎಂದು ಅಚ್ಚು ಹಾಕಿಸಿದರೂ ಅಷ್ಟೆ. 1099ರಲ್ಲಿ ಸ್ಥಾಪನೆಯಾದ ಗುಪ್ತಸಂಘವೆಂದು ಡ್ಯಾನ್ ಬ್ರೌನ್ ಪುಸ್ತಕದ ಆರಂಭದಲ್ಲೇ ಹೇಳುವ 'ಪ್ರಯರಿ ಆಫ್ ಸಯನ್' 1956ರಲ್ಲಿ ಫ್ರಾನ್ಸಿನಲ್ಲಿ ನೋಂದಣಿಯಾದ ಸಂಘ.

ಎರಡನೆಯ ಪಾಠಕ್ಕೆ ಪಕ್ಕದ ಪಾಂಡವಪುರ ತಾಲ್ಲೂಕಿನ ತೊಣ್ಣೂರಿಗೆ ಹೋಗೋಣ. ರಾಮಾನುಜರು ಬಿಟ್ಟಿದೇವನನ್ನು ವೈಷ್ಣವನನ್ನಾಗಿಸಿದರು, ಆಮೇಲೆ ಅವನು ಜೈನರನ್ನು ಗಾಣಕ್ಕೆ ಹಾಕಿಸಿದ ಎಂಬ ಕಥೆಯುಂಟು. ಯಾವ ಕಾದಂಬರಿಕಾರನಿಗೂ ಇದು ಹಬ್ಬದೂಟವೇ. ಆದರೆ ಶಾಸನಗಳ ಮಾತು ಬೇರೆ. ಅವನ ರಾಣಿ ಶಾಂತಲೆ 1123ರಲ್ಲಿ ಶ್ರವಣಬೆಳಗೊಳದಲ್ಲಿ ಬಸದಿ ಕಟ್ಟಿಸಿದಳು. 1133ರಲ್ಲಿ ಹಳೇಬೀಡಿನ ಪಾರ್ಶ್ವನಾಥ ಬಸದಿಯ ಪ್ರಸಾದವನ್ನು ಸ್ವತಃ ವಿಷ್ಣುವರ್ಧನನೇ ಸ್ವೀಕರಿಸಿ, ದೇವರಿಗೆ 'ವಿಜಯ ಪಾರ್ಶ್ವ' ಎಂಬ ಹೆಸರಿಟ್ಟು ದತ್ತಿ ಕೊಟ್ಟ. ಕಥೆ ಎಷ್ಟು ಹಳೆಯದಾದರೂ ಆ ಕಾಲದ ಸಾಕ್ಷಿ ಏನು ಹೇಳುತ್ತದೆ ಎಂದು ನೋಡಲೇಬೇಕು.

ಇಷ್ಟೆಲ್ಲ ಯಾಕೆ, ಕಾದಂಬರಿ ಕಾದಂಬರಿಯೇ ತಾನೆ ಎಂದು ನೀವು ಕೇಳಬಹುದು. ನಿಜ. ದಾಖಲೆ ಸುಮ್ಮನಾದ ಕಡೆ ಕಾದಂಬರಿಕಾರ ಮಾತನಾಡುವುದು ತಪ್ಪಲ್ಲ. ಟಿಪ್ಪುವಿನ ಸಾವನ್ನೇ ನೋಡಿ. ಅವನ ಶವ ಆ ರಾತ್ರಿ ಹೆಣಗಳ ರಾಶಿಯಲ್ಲಿ ಸಿಕ್ಕಿತು. ಕೊಂದವನು ಯಾರೆಂದು ಬ್ರಿಟಿಷರಿಗೂ ಖಚಿತವಾಗಲಿಲ್ಲ. ಈ ಖಾಲಿ ಜಾಗಕ್ಕೆ ಉರಿಗೌಡ, ನಂಜೇಗೌಡ ಎಂಬ ಎರಡು ಹೆಸರು ಬಂದು ಕುಳಿತವು. 2022ರಲ್ಲಿ ನಾಟಕವೊಂದರಿಂದ ಅವು ಪ್ರಚಾರ ಪಡೆದವು, 2023ರ ಮಾರ್ಚ್‌ನಲ್ಲಿ ಸಿನಿಮಾ ಘೋಷಣೆಯೂ ಆಯಿತು. ಈ ಜಿಲ್ಲೆಯಲ್ಲಿ ಜಾತಿ, ಧರ್ಮಗಳ ನಡುವೆ ಮಾತು ಬಿಸಿಯಾಯಿತು. ಆಗ ನಾಗಮಂಗಲ ತಾಲ್ಲೂಕಿನ ಆದಿಚುಂಚನಗಿರಿಯ ನಿರ್ಮಲಾನಂದನಾಥ ಸ್ವಾಮೀಜಿ, ದಾಖಲೆಯಿಲ್ಲದೆ ಮುಂದುವರಿಯಬಾರದೆಂದು ತಿಳಿಹೇಳಿದರು. ನಿರ್ಮಾಪಕರು ಚಿತ್ರ ಕೈಬಿಟ್ಟರು.

'ಮೂನ್‌ಸ್ಟೋನ್' ಓದಿ ಯಾರೂ ನೆರೆಮನೆಯವನನ್ನು ದ್ವೇಷಿಸಲಿಲ್ಲ, ಏಕೆಂದರೆ ಅದರ ಮೇಲೆ 'ಕಾದಂಬರಿ' ಎಂಬ ಚೀಟಿಯಿದೆ. ಅಪಾಯ ಇರುವುದು ಕಲ್ಪನೆಯಲ್ಲಲ್ಲ, ಆ ಚೀಟಿ ಕಿತ್ತುಹೋಗುವುದರಲ್ಲಿ.

ಚೀಟಿ ಕಿತ್ತುಹೋದದ್ದನ್ನು ಪತ್ತೆ ಹಚ್ಚಲು ಪಂಡಿತರೇ ಆಗಬೇಕಿಲ್ಲ. ಮೈಸೂರು ವಿಶ್ವವಿದ್ಯಾನಿಲಯ ಪರಿಷ್ಕರಿಸಿ ಪ್ರಕಟಿಸಿದ 'ಎಪಿಗ್ರಾಫಿಯ ಕರ್ನಾಟಿಕ'ದ 6ನೇ ಸಂಪುಟದಲ್ಲಿ ಕೃಷ್ಣರಾಜಪೇಟೆ, ಪಾಂಡವಪುರ, ಶ್ರೀರಂಗಪಟ್ಟಣ ತಾಲ್ಲೂಕುಗಳ ಶಾಸನಗಳಿವೆ. 7ನೇ ಸಂಪುಟದಲ್ಲಿ ನಾಗಮಂಗಲದವು. ಕಾದಂಬರಿಯನ್ನು ಸಂತೋಷದಿಂದ ಓದಿ. ಮುಗಿಸಿದ ಮೇಲೆ ನಿಮ್ಮ ಊರಿನ ಹೆಸರನ್ನು ಈ ಸಂಪುಟಗಳಲ್ಲೊಮ್ಮೆ ಹುಡುಕಿ ನೋಡಿ. ನಮ್ಮ ಊರುಗಳ ಕಲ್ಲುಗಳು ಹೇಳುವ ನಿಜವೂ ಕಡಿಮೆ ರೋಚಕವೇನಲ್ಲ.